ಹುಳದ ಮನೆಯ ರಾಕ್ಷಸರ ಪುಸ್ತಕ

ನಮ್ಮ ಮನೆಯಲ್ಲಿ ರೇಷ್ಮೆಹುಳುಗಳಿಗೆ ಸಿಕ್ಕಂಥ ಕೋಣೆ ಮನುಷ್ಯರಿಗೆ ಸಿಗಲಿಲ್ಲ. ಸುಗಟೂರಿನ ಆ ಹೆಂಚಿನ ಮನೆಯಲ್ಲಿ ಗಾಳಿ ಬೆಳಕು ನೆಟ್ಟಗೆ ಬರುತ್ತಿದ್ದುದು ಒಂದೇ ಕೋಣೆಗೆ. ಎದುರುಬದುರು ಎರಡು ಕಿಟಕಿ, ತಂಪು ನೆಲ, ಹುಳುವಿನ ಪ್ರತಿ ಬೆಳೆಗೂ ಹೊಸ ಸುಣ್ಣ. ಅದನ್ನು ಹುಳದ ಮನೆ ಎನ್ನುತ್ತಿದ್ದೆವು. ಅಜ್ಜಿ, ಅಪ್ಪ, ಅಮ್ಮ, ತಮ್ಮ ಸೀನ, ನಾನು, ಆಮೇಲೆ ಬಂದು ಸೇರಿದ ರತ್ನತ್ತೆ, ಇಷ್ಟೂ ಜನ ನಡುಮನೆಯಲ್ಲಿ ರಾಗಿ ಮೂಟೆಗಳ ಸಂದಿಯಲ್ಲಿ ಕಾಲು ಮಡಚಿಕೊಂಡು ಮಲಗುತ್ತಿದ್ದೆವು. ಹುಳುಗಳು ಮಾತ್ರ ಬಿದಿರು ತಟ್ಟೆಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಹಾಯಾಗಿ ಇರುತ್ತಿದ್ದವು. ಅವಕ್ಕೆ ಆಗದ್ದು ನಮಗೂ ಆಗಬಾರದು. ಒಗ್ಗರಣೆಯ ಘಾಟು ಅವಕ್ಕಾಗದು, ಹಾಗಾಗಿ ಬೆಳೆ ಇರುವಷ್ಟು ದಿನ ನಮಗೂ ಒಗ್ಗರಣೆಯಿಲ್ಲ. ಬೀಡಿ ಹೊಗೆ ಆಗದು, ಅಪ್ಪ ಹೊಲದ ಬದುವಿಗೆ ಹೋಗಿ ಸೇದಿ ಬರಬೇಕು. ಮುಟ್ಟಾದ ಹೆಂಗಸು ಆ ಕಡೆ ತಲೆ ಹಾಕುವಂತಿಲ್ಲ. ಹೊರಗಿನವರ ಕಣ್ಣು ಬೀಳಬಾರದೆಂದು ಬಾಗಿಲಿಗೆ ಗೋಣಿ ಪರದೆ, ಅದರ ಮೇಲೆ ನಾಲಿಗೆ ಚಾಚಿದ ದೃಷ್ಟಿಬೊಂಬೆ. ಸಪ್ಪೆ ಸಾರಿನಲ್ಲಿ ಮುದ್ದೆ ಅದ್ದಿ ನುಂಗುವಾಗ ನನಗೆ ಆ ಹುಳುಗಳ ಮೇಲೆ ಹೊಟ್ಟೆ ಉರಿಯುತ್ತಿತ್ತು. ಅವು ಸತ್ತರೆ ಒಗ್ಗರಣೆ ಹಾಕಬಹುದಲ್ಲ ಎಂದು ಒಮ್ಮೆ ಊಟಕ್ಕೆ ಕೂತಾಗ ಅಂದು ಅಜ್ಜಿಯಿಂದ ಸೌಟಿನ ಏಟು ತಿಂದಿದ್ದೇನೆ.

ರತ್ನತ್ತೆ ಅಪ್ಪನ ತಂಗಿ. ಅವಳನ್ನು ನಂಗಲಿಗೆ ಕೊಟ್ಟಿತ್ತು. ಆಂಧ್ರದ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಆ ಊರಲ್ಲಿ ಅವಳ ಗಂಡನಿಗೆ ಟೈರು, ಪಂಕ್ಚರಿನ ಅಂಗಡಿ. ಒಂದು ಮಧ್ಯಾಹ್ನ ಕೋಲಾರದ ಬಸ್ಸಿನಿಂದ ಒಬ್ಬಳೇ ಇಳಿದು, ಕೈಚೀಲ ಜಗಲಿಯ ಮೇಲಿಟ್ಟು, "ನಾಲ್ಕು ದಿನ ಇದ್ದು ಹೋಗ್ತೀನಿ ಅಣ್ಣ" ಅಂದಳು. ಅವಳ ಎಡಗಿವಿಯ ಹಾಲೆ ಹರಿದಿತ್ತು, ಓಲೆ ಇರಲಿಲ್ಲ. ಅಜ್ಜಿ ಅದನ್ನು ನೋಡಿದಳು. ನೋಡಿ, ಮಗಳ ಸೆರಗನ್ನು ತಲೆಯ ಮೇಲೆ ಎಳೆದು ಕಿವಿ ಮುಚ್ಚಿದಳು. ಏನಾಯಿತು ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಏನಾದರೂ ಮಾಡಬೇಕಾಗುತ್ತದೆ, ಅದಕ್ಕೇ ನಮ್ಮಂಥ ಮನೆಗಳಲ್ಲಿ ಕೇಳುವುದಿಲ್ಲ. ನಾಲ್ಕು ದಿನ ಕಳೆದರೂ ಅವಳನ್ನು ಕಳಿಸದೆ ಇಟ್ಟುಕೊಂಡದ್ದು ಕರುಣೆಯಿಂದಲ್ಲ. ಅವಳ ಕೈಗೆ ಹುಳು ಒಗ್ಗುತ್ತಿತ್ತು. ಅವಳು ಮರಿಹುಳು ಹರಡಿದ ತಟ್ಟೆಯಲ್ಲಿ ಸಾವೇ ಕಡಿಮೆ. ಅವಳನ್ನು ಕಳಿಸಿ ಎಂದು ನಂಗಲಿಯಿಂದ ಹೇಳಿಕಳಿಸಿದಾಗಲೆಲ್ಲ ಅಪ್ಪನದು ಒಂದೇ ಮಾತು.

"ಈ ಬೆಳೆ ಹಣ್ಣಾಗ್ಲಿ, ಆಮೇಲೆ ನೋಡಾಣ."

ಹುಳು ಹಣ್ಣಾಗುವುದೆಂದರೆ ಮೇಯುವುದು ನಿಲ್ಲಿಸಿ ಗೂಡು ಕಟ್ಟಲು ಸಿದ್ಧವಾಗುವುದು. ಒಂದು ಬೆಳೆ ಹಣ್ಣಾಗುವಷ್ಟರಲ್ಲಿ ಇನ್ನೊಂದಕ್ಕೆ ಮೊಟ್ಟೆ ತರುತ್ತಿದ್ದರು. ಹೀಗೆ ಬೆಳೆಯಿಂದ ಬೆಳೆಗೆ ಅತ್ತೆಗೆ ತವರು ಸಿಗುತ್ತಾ ಹೋಯಿತು. ಬೆಳೆ ಕೆಟ್ಟರೆ ಅವಳು ಹೋಗಬೇಕು ಎನ್ನುವುದು ನನಗೂ ಸೀನನಿಗೂ ಗೊತ್ತಿತ್ತು.

ಅಮ್ಮನಿಗೆ ಅತ್ತೆ ಬಂದದ್ದು ಹಿಡಿಸಲಿಲ್ಲ. ಒಂದು ಒಲೆಗೆ ಇಬ್ಬರು ಹೆಂಗಸರು ಎಂಬುದು ಸುಮ್ಮನೆ ಹುಟ್ಟಿದ ಮಾತಲ್ಲ. ಮುದ್ದೆ ತಿರುವುವ ಕೋಲು ಯಾರ ಕೈಯಲ್ಲಿರಬೇಕು ಎಂಬಲ್ಲಿಂದ ಶುರುವಾಗಿ, ಹಾಲು ಡೇರಿಗೆ ಯಾರು ಹೊತ್ತುಕೊಂಡು ಹೋಗಬೇಕು ಎಂಬವರೆಗೆ ದಿನಕ್ಕೊಂದು ಜಗಳ. ಅತ್ತೆ ಬರುವವರೆಗೆ ಹುಳದ ಮನೆಯ ಯಜಮಾನಿಕೆ ಅಮ್ಮನದಾಗಿತ್ತು. ಆಮೇಲೆ ಅಜ್ಜಿ ಪ್ರತಿಯೊಂದಕ್ಕೂ "ರತ್ನನ್ನ ಕೇಳು" ಎನ್ನತೊಡಗಿದಳು. ಸೊಸೆಯಾಗಿ ಬಂದು ಇಷ್ಟು ವರ್ಷ ದುಡಿದವಳಿಗೆ, ಗಂಡನನ್ನು ಬಿಟ್ಟು ಬಂದವಳನ್ನು ಕೇಳು ಎಂದರೆ ಹೇಗಾಗಬೇಡ. ಅಮ್ಮನ ಸಂಕಟ ನನಗೀಗ ಚೆನ್ನಾಗಿ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಕಹಿ ಇಳಿಯಬೇಕೆಂದೇನೂ ಇಲ್ಲ.

ಹುಳುವಿನ ತಟ್ಟೆಗಳಿಗೆ ಹಾಸಲು ಹಳೆಯ ಕಾಗದ ಬೇಕು. ಅಪ್ಪ ಕೋಲಾರದ ಗೂಡಿನ ಮಾರುಕಟ್ಟೆಗೆ ಹೋದಾಗ ಮಸ್ತಾನ್ ಸಾಬರ ಅಂಗಡಿಯಿಂದ ರದ್ದಿ ಕಾಗದದ ಹೊರೆ ತರುತ್ತಿದ್ದ. ಅಂಥ ಒಂದು ಹೊರೆಯಲ್ಲಿ ಆ ಪುಸ್ತಕ ಬಂತು. ರಟ್ಟು ಹರಿದಿತ್ತು, ಮೊದಲ ಪುಟಗಳಿರಲಿಲ್ಲ. ಅದರ ಹೆಸರೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಇಂಗ್ಲಿಷ್ ಪುಸ್ತಕ, ಪುಟಪುಟಕ್ಕೂ ಒಂದೊಂದು ರಾಕ್ಷಸ. ಕೊಂಬಿನವು, ರೆಕ್ಕೆಯವು, ಹೊಟ್ಟೆಯಲ್ಲಿ ಬಾಯಿರುವವು. ಪ್ರತಿ ಚಿತ್ರದ ಪಕ್ಕ ಏನೇನೋ ಅಂಕಿ, ಕೆಳಗೆ ಉದ್ದನೆಯ ಬರಹ. ಸೀನ ಹೆದರಿ ಅಜ್ಜಿಯ ಹಿಂದೆ ಅವಿತ. ಅತ್ತೆ ಹೈಸ್ಕೂಲು ಮುಗಿಸಿದವಳು, ತವರಲ್ಲಿ ಬಿಟ್ಟು ಹೋಗಿದ್ದ ಡಿಕ್ಷನರಿ ಅಟ್ಟದ ಮೇಲೆ ಇನ್ನೂ ಇತ್ತು. ಅದನ್ನು ಇಳಿಸಿಕೊಂಡು, ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಕೆಲಸದ ನಡುವೆ ಒಂದೊಂದೇ ಪದ ಹುಡುಕುತ್ತಾ ಕೂತಳು. ಮುಂದಿನ ಸಲ ಅಪ್ಪನ ಜೊತೆ ತಾನೂ ಕೋಲಾರಕ್ಕೆ ಹೋಗಿ ಮಸ್ತಾನ್ ಸಾಬರನ್ನೇ ಕೇಳಿ ಬಂದಳು. ಚಿನ್ನದ ಗಣಿಯ ಬಂಗಲೆಯೊಂದನ್ನು ಖಾಲಿ ಮಾಡುವಾಗ ಬಂದ ರದ್ದಿಯಂತೆ ಅದು.

"ಆ ಬಂಗಲೆ ಹುಡುಗ ಹೇಳಿದ್ನಮ್ಮ, ಇದು ಆಡೋ ಕಿತಾಬು ಅಂತ. ಹೆಂಗೆ ಆಡೋದು ಅನ್ನೋದು ಇನ್ನೊಂದು ಕಿತಾಬಲ್ಲಿ ಇರ್ತದಂತೆ. ಅದು ನನ್ ತಾವ ಬಂದಿಲ್ಲ. ಇದರಲ್ಲಿ ಬರೀ ಸೈತಾನ್ರು ಅವ್ರೆ."

ಆಡುವ ವಿಧಾನವಿಲ್ಲದೆ ಬರೀ ರಾಕ್ಷಸರು ಕೈಗೆ ಸಿಕ್ಕರು. ವಿಧಾನವನ್ನು ಅತ್ತೆಯೇ ಕಟ್ಟಿದಳು. ಹುಳು ತನ್ನ ಬದುಕಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇಯುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಜ್ವರದ ಹೊತ್ತಿನಲ್ಲಿ ಸೊಪ್ಪು ಕೊಯ್ಯುವ, ಹೆಚ್ಚುವ, ಹಾಕುವ ಕೆಲಸವಿಲ್ಲ. ಮನೆಗೆಲ್ಲ ಸಿಗುತ್ತಿದ್ದ ಬಿಡುವು ಅದೊಂದೇ. ಆ ಬಿಡುವಿನಲ್ಲಿ ಹುಳದ ಮನೆಯ ಹೊರಜಗಲಿಯ ಮೇಲೆ, ಚೌಕಾಬಾರದ ಮನೆ ಬರೆದು, ಕವಡೆ ಹಿಡಿದು ನಾವು ಮೂವರು ಕೂರುತ್ತಿದ್ದೆವು. ಅತ್ತೆ ಕಥೆ ನಡೆಸುವವಳು. ನಾನು, ಸೀನ ದಾರಿಹೋಕರು. ಅತ್ತೆ ಹೇಳುತ್ತಾ ಹೋಗುವಳು, ಇಲ್ಲೊಂದು ಪಾಳುಬಾವಿ, ಇಲ್ಲೊಂದು ಗುಹೆ, ಒಳಗಿನಿಂದ ಏನೋ ಸದ್ದು. ಏನು ಮಾಡ್ತೀರಿ? ಹೊಡೆಯುವುದಾದರೆ ಕವಡೆ ಹಾಕಬೇಕು. ಕಮ್ಮಿ ಬಿದ್ದರೆ ಸತ್ತಂತೆ. ಆದರೆ ಹೊಡೆಯುವ ಮುಂಚೆ ಆ ರಾಕ್ಷಸನ ಬಗ್ಗೆ ನಾಲ್ಕು ಪ್ರಶ್ನೆ ಕೇಳಬಹುದು. ಎಲ್ಲಿರುತ್ತೆ, ಏನು ತಿನ್ನುತ್ತೆ, ಯಾವಾಗ ಬರುತ್ತೆ, ಯಾವುದಕ್ಕೆ ಹೆದರುತ್ತೆ. ಕೇಳಿದವರಿಗೆ ಅತ್ತೆ ಪುಸ್ತಕ ನೋಡಿ ಉತ್ತರ ಹೇಳುವಳು. ಪುಸ್ತಕದಲ್ಲಿಲ್ಲದ್ದನ್ನು ತಾನೇ ಕಟ್ಟಿ ಹೇಳುತ್ತಿದ್ದಳೆಂದು ನನಗೆ ಆಮೇಲೆ ತಿಳಿಯಿತು.

ಸೀನನಿಗೆ ತಾಳ್ಮೆ ಇರಲಿಲ್ಲ. ಚಿತ್ರ ಕಂಡ ತಕ್ಷಣ ಕವಡೆ ಎಸೆಯುತ್ತಿದ್ದ, ಪ್ರತಿ ಸಲ ಸಾಯುತ್ತಿದ್ದ.

"ಚಿತ್ರ ನೋಡಿದ್ರೆ ಸಾಕಲ್ಲ ಅತ್ತೆ, ಎಷ್ಟು ದೊಡ್ಡದು ಅಂತ ಗೊತ್ತಾಯ್ತದೆ."

"ಲೇ, ಚಿತ್ರ ಇರೋದು ಹೆದರ್ಸೋಕೆ ಕಣೋ. ಕೆಳಗೆ ಬರ್ದಿರೋದು ಬದುಕ್ಕೊಳ್ಳೋಕೆ. ಅಷ್ಟು ದಪ್ಪ ಅದೆಯಲ್ಲ ಈ ಕಲ್ಲುಹಂದಿ, ಒದ್ದೆ ನೆಲದ ಮೇಲೆ ಕಾಲಿಡಲ್ಲ ಇದು. ಒಂದು ಚೊಂಬು ನೀರು ಚೆಲ್ಲಿದ್ರೆ ಆಯ್ತು, ನಿನ್ ಪಾಡಿಗೆ ನೀನು ಹೋಗ್ಬೋದು. ನೀನು ಕತ್ತಿ ಹಿಡ್ಕೊಂಡು ನಿಂತಿದೀಯ."

ಆ ಪುಸ್ತಕದ ಬೆಲೆ ನನಗೆ ಅವತ್ತೇ ಗೊತ್ತಾದದ್ದು. ಅಂಕಿಗಳು ಅದರ ಹಲ್ಲೆಷ್ಟು, ಬಲವೆಷ್ಟು ಎಂದಷ್ಟೇ ಹೇಳುತ್ತಿದ್ದವು. ಬರಹ ಅದರ ಸ್ವಭಾವ ಹೇಳುತ್ತಿತ್ತು. ಬಾವಿಯೊಳಗೆ ಕೂತ ಏಳು ಕೈಯ ಮುದುಕಿ ತನ್ನ ಹೆಸರು ಕೇಳಿದವರನ್ನು ಮುಟ್ಟುವುದಿಲ್ಲ, ಯಾಕೆಂದರೆ ಬಹಳ ಕಾಲದಿಂದ ಅವಳ ಹೆಸರನ್ನು ಯಾರೂ ಕೇಳಿಲ್ಲ. ರೆಕ್ಕೆಯ ಹಾವು ಮರಿ ಇಟ್ಟ ಕಾಲದಲ್ಲಿ ಮಾತ್ರ ಕಚ್ಚುತ್ತದೆ. ಸ್ವಭಾವ ಗೊತ್ತಾದ ಮೇಲೆ ರಾಕ್ಷಸ ಅಲ್ಲೇ ಇರುತ್ತಾನೆ, ಆದರೆ ನೀವು ಹಾದುಹೋಗಬಹುದು. ಪೊಲೀಸು, ಹೆಡ್‌ಮಾಸ್ತರು, ಮುಂದೆ ನನ್ನ ಅತ್ತೆಮಾವ, ಎಲ್ಲರನ್ನೂ ನಾನು ಆ ನಾಲ್ಕು ಪ್ರಶ್ನೆ ಹಿಡಿದೇ ಅಳೆದಿದ್ದೇನೆ. ಈಗಲೂ ಯಾರಾದರೂ ಅರಚಿದರೆ ತಿರುಗಿ ಅರಚುವುದಿಲ್ಲ, ಇವನು ಏನು ತಿಂದು ಬದುಕುತ್ತಾನೆ ಎಂದು ನೋಡುತ್ತಾ ನಿಲ್ಲುತ್ತೇನೆ. ಜನ ಅದನ್ನು ನನ್ನ ಕೊಬ್ಬು ಅಂದುಕೊಂಡಿದ್ದಾರೆ.

ಒಂದು ಜ್ವರದ ದಿನ ಅತ್ತೆ ಪುಸ್ತಕ ಮಡಚಿಟ್ಟು, ಇವತ್ತು ಇದರಲ್ಲಿಲ್ಲದ ರಾಕ್ಷಸ ಅಂದಳು. ಹೆದ್ದಾರಿಯ ಪಕ್ಕ ಇರುತ್ತದೆ, ಮನುಷ್ಯನ ಹಾಗೇ ಕಾಣುತ್ತದೆ. ನಾನು ಪ್ರಶ್ನೆ ಕೇಳತೊಡಗಿದೆ.

"ಏನು ತಿನ್ನುತ್ತೆ?"

"ಹೆದರಿಕೆ. ಎದುರಿಗಿರೋರು ಹೆದರ್ಕೊಂಡ್ರೆ ಅದೇ ಊಟ ಅದಕ್ಕೆ."

"ಯಾವಾಗ ಬರುತ್ತೆ?"

"ಅದು ಗೊತ್ತಾಗುತ್ತೆ. ಮೊದ್ಲು ನಗುತ್ತೆ. ಆಮೇಲೆ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕ್ಕೊಳ್ಳುತ್ತೆ. ಗಾಜು ಒಡೆದ್ರೆ ನಷ್ಟ ನೋಡು."

ಸೀನ ನಕ್ಕ. ಗಡಿಯಾರ ಕಟ್ಟಿದ ರಾಕ್ಷಸ ಅವನಿಗೆ ತಮಾಷೆಯಾಗಿತ್ತು. ನಾನು ಕೊನೆಯ ಪ್ರಶ್ನೆ ಕೇಳಿದೆ.

"ಯಾವುದಕ್ಕೆ ಹೆದರುತ್ತೆ?"

ಅತ್ತೆ ಕವಡೆಗಳನ್ನು ಅಂಗೈಯಲ್ಲಿ ಆಡಿಸುತ್ತಾ ಕೂತಳು.

"ಇರು, ಅದನ್ನ ಆಮೇಲೆ ಹೇಳ್ತೀನಿ."

ಹೇಳಲಿಲ್ಲ. ಹುಳು ಜ್ವರದಿಂದ ಎದ್ದವು, ಅವಳು ಸೊಪ್ಪಿನ ಕುಕ್ಕೆ ಹೊತ್ತು ಒಳಗೆ ಹೋದಳು.

ಆ ರಾಕ್ಷಸ ಯಾರೆಂದು ನನಗೆ ತಿಳಿದದ್ದು ನಂಗಲಿ ಮಾವ ನಮ್ಮ ಮನೆಗೆ ಬಂದ ದಿನ. ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದಿದ್ದ. ಒಳಗೆ ಕರೆದರೂ ಬರಲಿಲ್ಲ, ಚಪ್ಪಲಿ ಬಿಟ್ಟು ಹೊಸಿಲಾಚೆಯೇ ನಿಂತು, ನೆಲ ನೋಡುತ್ತಾ ಅಪ್ಪನ ಜೊತೆ ಮೆತ್ತಗೆ ಮಾತಾಡಿದ. ನೋಡಿದವರು ಪಾಪದವನು ಎನ್ನಬೇಕು. ಅಮ್ಮ ಹಾಗೇ ಅಂದಳು ಕೂಡ. ನಾನು ಅವನ ಎಡಗೈ ನೋಡುತ್ತಿದ್ದೆ. ಸ್ಟೀಲಿನ ಚೈನಿನ ದೊಡ್ಡ ಗಡಿಯಾರ. ಮಾತಿನ ನಡುವೆ ಬೆರಳು ಆಗಾಗ ಆ ಚೈನಿನ ಕೊಕ್ಕೆಯ ಹತ್ತಿರ ಹೋಗುತ್ತಿತ್ತು, ಅಪ್ಪ ತಲೆ ಎತ್ತಿದೊಡನೆ ಹಿಂದಕ್ಕೆ ಬರುತ್ತಿತ್ತು. ನಮ್ಮ ಮನೆಯಲ್ಲಿದ್ದಷ್ಟು ಹೊತ್ತು ಅವನು ಗಡಿಯಾರ ಬಿಚ್ಚಲಿಲ್ಲ. ಅಪ್ಪ ಎಂದಿನ ಮಾತು ಹೇಳಿದ, ಬೆಳೆ ಹಣ್ಣಾಗಲಿ. ಅವನು ಆಗಲಿ ಬಾವ ಎಂದು ಹಿಂದೆ ಹೆಜ್ಜೆ ಇಡುತ್ತಲೇ ಅಂಗಳ ದಾಟಿದ.

ಅದೇ ಬೆಳೆಯಲ್ಲಿ ನೊಣ ಬಂತು. ಮನೆನೊಣಕ್ಕಿಂತ ದಪ್ಪ, ಬೆನ್ನ ಮೇಲೆ ಕಪ್ಪು ಗೀರು. ಬಿಸಿಲು ಬೀಳುವ ಗೋಡೆಯ ಮೇಲೆ ಕೂತು, ಕಿಟಕಿಯಿಂದ ಒಳಗೆ ಹಾರಿ, ಹುಳುವಿನ ಮೇಲೆ ಒಂದು ಕ್ಷಣ ಕೂತು ಎದ್ದು ಹೋಗುತ್ತಿತ್ತು. ಅಂಥ ನೊಣವನ್ನು ನಮ್ಮೂರಲ್ಲಿ ಯಾರೂ ಅದಕ್ಕೆ ಮುಂಚೆ ನೋಡಿದವರಲ್ಲ. ಮೂರನೆಯ ಜ್ವರದ ದಿನ ಅತ್ತೆ ಆಟಕ್ಕೆ ಪುಸ್ತಕ ತೆರೆಯದೆ ಗೋಡೆಯ ಕಡೆ ಬೆರಳು ತೋರಿಸಿದಳು.

"ಇವತ್ತಿನ ರಾಕ್ಷಸ ಅದು. ಕೇಳಿ ನೋಡಾಣ."

ಎಲ್ಲಿರುತ್ತೆ ಎಂದರೆ, ಬಿಸಿಲಿನ ಗೋಡೆಯಲ್ಲಿ. ಯಾವಾಗ ಬರುತ್ತೆ ಎಂದರೆ, ಹೊತ್ತೇರಿದ ಮೇಲೆ. ಇಷ್ಟನ್ನು ನಾವೇ ನೋಡಿ ಹೇಳಿದೆವು. ಏನು ತಿನ್ನುತ್ತೆ ಎಂಬಲ್ಲಿಗೆ ಬಂದು ಸಿಕ್ಕಿಕೊಂಡೆವು. ಸೊಪ್ಪು ಅಂದ ಸೀನ. ಸೊಪ್ಪಿನ ಮೇಲೆ ಅದು ಕೂರುವುದೇ ಇಲ್ಲವಲ್ಲ ಅಂದೆ ನಾನು. ಅತ್ತೆಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಅವಳನ್ನು ಕಾಡುತ್ತಿತ್ತು. ಊಟಕ್ಕೆ ಕೂತ ಅಪ್ಪನ ಮುಂದೆ ಹೇಳಿದಳು.

"ಅಣ್ಣ, ಆ ಕಿಟಕಿಗೆ ಹಳೇ ಸೀರೇನಾದ್ರೂ ಕಟ್ಟೋಣ. ಆ ನೊಣದ ಲಕ್ಷಣ ನಂಗೆ ಸರಿ ಕಾಣಲ್ಲ."

"ಗಾಳಿ ಇಲ್ದೆ ಹುಳ ಬೆಂದೋಗ್ತವೆ. ನೊಣಕ್ಕೂ ಹುಳಕ್ಕೂ ಏನಮ್ಮ ಸಂಬಂಧ?"

"ಅಕ್ಕೋರು ಪುಸ್ತಕ ಓದವ್ರಲ್ಲ, ನೊಣದಲ್ಲೂ ರಾಕ್ಷಸ ಕಾಣ್ತದೆ" ಎಂದಳು ಅಮ್ಮ. ಅಪ್ಪ ನಕ್ಕ. ಅಲ್ಲಿಗೆ ಮಾತು ಮುಗಿಯಿತು.

ನಾಲ್ಕನೆಯ ಜ್ವರ ಕಳೆದ ಮೇಲೆ ಹುಳುಗಳ ಹಸಿವಿಗೆ ಮಿತಿಯಿರುವುದಿಲ್ಲ. ಅವುಗಳನ್ನು ಹೊಸ ತಟ್ಟೆಗಳಿಗೆ ಹರಡಬೇಕು, ತಟ್ಟೆಗಳಿಗೆಲ್ಲ ಕಾಗದ ಬೇಕು. ಅವತ್ತು ಅತ್ತೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಳು. ರದ್ದಿ ಮುಗಿದಿತ್ತು. ಅಮ್ಮ ಅತ್ತಿತ್ತ ನೋಡಿ, ಕಿಟಕಿಯ ಕಟ್ಟೆಯ ಮೇಲಿದ್ದ ಆ ಪುಸ್ತಕ ಎತ್ತಿಕೊಂಡು ಪರಪರ ಎಂದು ನಾಲ್ಕಾರು ಹಾಳೆ ಕಿತ್ತಳು. ನಾನು ಅಲ್ಲೇ ಇದ್ದೆ.

"ಅಮ್ಮ, ಅದು ಅತ್ತೇದು."

"ರದ್ದಿ ಅಂತ ಬಂದಿದ್ದು ರದ್ದಿನೇ. ಹುಳ ಇವತ್ತೇ ಹರಡ್ಬೇಕು, ನಿಮ್ಮತ್ತೆ ಆಟಕ್ಕೆ ಕಾಯ್ತವಾ?"

ಅವಳು ಬೇಕೆಂದು ಮಾಡಲಿಲ್ಲ. ಕೆಲಸದ ಅವಸರಕ್ಕೆ ಮಾಡಿದಳು. ಇದನ್ನು ನಾನು ಅವಳ ಪರವಾಗಿ ಎಲ್ಲಿ ಬೇಕಾದರೂ ಹೇಳುತ್ತೇನೆ. ಅವಳು ಬೇಕೆಂದೇ ಮಾಡಿದ್ದು ಆಮೇಲಿನದು.

ಹಣ್ಣಾಗಬೇಕಾದ ಹುಳುಗಳ ಮೈಮೇಲೆ ಕರಿ ಬೊಟ್ಟು ಎದ್ದವು. ಒಂದೊಂದು ಹುಳುವಿಗೆ ಒಂದೊಂದು ಬೊಟ್ಟು, ಸಾಸಿವೆ ಕಾಳಿನಷ್ಟು. ನೋಡನೋಡುತ್ತ ಹುಳು ಮೆತ್ತಗಾಗಿ, ಕಪ್ಪಾಗಿ, ಸಾಲಾಗಿ ಸತ್ತವು. ಗೂಡು ಕಟ್ಟಲು ಶಕ್ತಿಯಿದ್ದ ಕೆಲವು ಕಟ್ಟಿದ ಗೂಡುಗಳಲ್ಲೂ ತೂತು. ತೂತಿನಿಂದ ಬಿಳಿ ಹುಳವೊಂದು ಹೊರಬಂದು ನೆಲದ ಬಿರುಕು ಹುಡುಕಿಕೊಂಡು ಹರಿಯುತ್ತಿತ್ತು. ಕೋಣೆಯ ವಾಸನೆ ನಡುಮನೆಯವರೆಗೂ ಬರುತ್ತಿತ್ತು. ಅಜ್ಜಿ ಸತ್ತ ಹುಳುಗಳನ್ನು ಗುಂಡಿಗೆ ಹಾಕಲೆಂದು ಒಂದು ತಟ್ಟೆ ಮಗುಚಿದಳು. ತಳದಲ್ಲಿ ಅಂಟಿಕೊಂಡಿದ್ದ ಕಾಗದದಿಂದ ಕೊಂಬಿನ ಮುಖವೊಂದು ಹಲ್ಲು ಕಿರಿಯುತ್ತಿತ್ತು. ಇನ್ನೊಂದು ತಟ್ಟೆ ಮಗುಚಿದಳು, ಅಲ್ಲಿ ರೆಕ್ಕೆಯದು. ಉಳಿದ ಎಲ್ಲ ತಟ್ಟೆಗಳ ಕೆಳಗೂ ಬರೀ ಹಳೆಯ ದಿನಪತ್ರಿಕೆ ಇತ್ತು, ಅವುಗಳ ಹುಳುವೂ ಅಷ್ಟೇ ಸತ್ತಿತ್ತು. ಅದು ಅಜ್ಜಿಯ ಕಣ್ಣಿಗೆ ಬೀಳಲಿಲ್ಲ.

"ಅಯ್ಯೋ ದೇವುಡಾ, ಎಂತ ಪನಿ ಚೇಸ್ತಿವೇ ರತ್ನಾ, ಎಂಥಾ ಕೆಲ್ಸ ಮಾಡ್ದೆ. ಬಾಗಿಲಾಚೆ ಕಟ್ಬೇಕಾದ ಮುಖಾನ ಹುಳ ಉಣ್ಣೋ ತಟ್ಟೆ ಕೆಳಗಿಟ್ಯಲ್ಲೇ. ಆಚೆ ಇದ್ರೆ ಕಾಯ್ತದೆ, ಒಳಗೆ ಬಂದ್ರೆ ತಿಂತದೆ. ಇಷ್ಟೂ ಗೊತ್ತಿಲ್ವೇನೇ ನಿಂಗೆ?"

ಅಪ್ಪ ಬಾಗಿಲಲ್ಲಿ ಬಂದು ನಿಂತ. ಅತ್ತೆ ಆ ಹಾಳೆಗಳನ್ನು ನೋಡಿ ಬಿಳಿಚಿಕೊಂಡಳು. ತಾನಿಡಲಿಲ್ಲ ಅಂದಳು. ಹಾಗಾದರೆ ಇಟ್ಟವರು ಯಾರು ಎಂದು ಅಜ್ಜಿ ಕೇಳಿದಳು. ಅಮ್ಮ ಅಲ್ಲೇ, ಕಂಬಕ್ಕೆ ಒರಗಿ, ಖಾಲಿ ಸೊಪ್ಪಿನ ಕುಕ್ಕೆಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಳು. ಅವಳು ಹೇಳುತ್ತಾಳೆಂದು ನಾನು ಕಾದೆ. ಅವಳು ಕುಕ್ಕೆಯ ಅಂಚಿನ ಬಿದಿರು ಸೀಳು ಕೀಳುತ್ತಾ ನಿಂತಳು. ನಾನೇ ಹೇಳಿದೆ.

"ಅಮ್ಮ ಹಾಕಿದ್ದು. ನಾನ್ ನೋಡ್ದೆ. ರದ್ದಿ ಮುಗ್ದೋಗಿತ್ತು."

"ನೋಡ್ರಪ್ಪ, ಮಗೂಗೂ ಪಾಠ ಒಪ್ಸವ್ಳೆ. ಹೆತ್ತೋಳ ಮೇಲೇ ಹೇಳೋ ಅಂಗೆ ಮಾಡವ್ಳೆ ಆ ಪುಸ್ತಕ ಹಿಡ್ಕೊಂಡು" ಎಂದಳು ಅಜ್ಜಿ.

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಒಂದೇ ಒಂದು ಸಲ, ಬಹಳ ಸಣ್ಣಗೆ. ಅಷ್ಟು ಸಾಕಾಯಿತು.

"ಮಗೂನ ಬಿಡಿ" ಅಂದಳು ಅತ್ತೆ. "ಯಾರಿಟ್ರೂ ಕಾಗದದಿಂದ ಹುಳ ಸಾಯಲ್ಲ ಅಣ್ಣ. ಆ ನೊಣ ನೋಡು. ನೊಣ ಕೂತ ಜಾಗದಲ್ಲೇ ಬೊಟ್ಟು ಎದ್ದದೆ, ಬಂದು ನೋಡು."

ಅಪ್ಪ ಬಂದು ನೋಡಲಿಲ್ಲ. ಎರಡು ಹೆಜ್ಜೆ ಒಳಗೆ ಬಂದು ಬಗ್ಗಿ ನೋಡಿದ್ದರೆ ಸಾಕಿತ್ತು. ಅವನು ಹೊರಗೆ ಹೋಗಿ ಅಂಗಳದಲ್ಲೇ ಬೀಡಿ ಹಚ್ಚಿದ. ಇನ್ನು ಹೊಲದ ಬದುವಿಗೆ ಹೋಗುವ ಅಗತ್ಯವಿರಲಿಲ್ಲ. ಅಜ್ಜಿ ಪುಸ್ತಕದ ಉಳಿದ ಭಾಗವನ್ನೂ ಸತ್ತ ಹುಳುಗಳ ಜೊತೆ ಗುಂಡಿಗೆ ಹಾಕಿ ಮೇಲೆ ಸುಣ್ಣ ಚೆಲ್ಲಿಸಿದಳು.

ನಂಗಲಿಗೆ ಹೇಳಿ ಕಳಿಸಿದರು. ಮಾವ ಬರುವ ದಿನ ಅಮ್ಮ ಹುರುಳಿಕಾಳಿನ ಸಾರು ಮಾಡಿ, ಬೆಳ್ಳುಳ್ಳಿ ಜಜ್ಜಿ, ಒಣಮೆಣಸಿನಕಾಯಿ ಮುರಿದು ಒಗ್ಗರಣೆ ಹಾಕಿದಳು. ಬಹಳ ದಿನದ ಮೇಲೆ ಮನೆಯೆಲ್ಲ ಆ ಘಮ. ಸೀನ ಎರಡು ಮುದ್ದೆ ಉಂಡ. ನನಗೂ ಬಾಯಲ್ಲಿ ನೀರೂರಿತು. ಊರಿದ ನೀರಿನ ಮೇಲೆ ನನಗೇ ಅಸಹ್ಯವಾಯಿತು. ಅತ್ತೆ ಕೊನೆಯ ಪಂಕ್ತಿಯಲ್ಲಿ ಕೂತು, ತಟ್ಟೆಗೆ ಬಿದ್ದಷ್ಟನ್ನು ಚೂರೂ ಬಿಡದೆ ಉಂಡು, ತಟ್ಟೆ ತೊಳೆದಿಟ್ಟಳು. ಸಾರು ಚೆನ್ನಾಗಿದೆ ಅತ್ತಿಗೆ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ಒಲೆಯ ಕಡೆ ತಿರುಗಿಕೊಂಡಳು.

ಈ ಸಲ ಮಾವ ಹೊಸಿಲಾಚೆ ನಿಲ್ಲಲಿಲ್ಲ. ಒಳಗೆ ಬಂದು ಕೂತ, ಉಂಡ, ಕೈ ತೊಳೆದ. ಅಪ್ಪನೇ ಈ ಸಲ ನೆಲ ನೋಡುತ್ತಿದ್ದ. ಅತ್ತೆ ಮಾವ ಇಬ್ಬರನ್ನೂ ಬಸ್ಸು ಹತ್ತಿಸಲು ನಾನೂ ಅಪ್ಪನೂ ಹೋದೆವು. ಆಲದ ಮರದ ಕೆಳಗೆ ನಿಂತಿದ್ದಾಗ ಮಾವ ಯಾವುದಕ್ಕೋ ನಕ್ಕ. ನಕ್ಕು, ಕೊಕ್ಕೆ ಎತ್ತಿ, ಗಡಿಯಾರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಅತ್ತೆಯೂ ನೋಡಿದಳು. ನೋಡಿ, ನನ್ನ ಕಡೆ ನೋಡಿದಳು. ನಾನು ಅಪ್ಪನ ಪಂಚೆ ಜಗ್ಗಿ ಹೇಳಿದೆ, ಅವಳನ್ನು ಕಳಿಸಬೇಡ, ಅವನು ಗಡಿಯಾರ ಬಿಚ್ಚಿದ್ದಾನೆ ಅಂತ.

"ಬೆವರಿಗೆ ಬಿಚ್ಚಿರ್ತಾನೆ, ಸುಮ್ನಿರು" ಎಂದ ಅಪ್ಪ.

ಬಸ್ಸು ಬಂತು, ಹತ್ತಿಸಿದ.

ಮುಂದಿನ ಬೆಳೆಯೂ ಸತ್ತಿತು. ಅದರ ಮುಂದಿನದೂ ಸತ್ತಿತು. ಆಗ ಮನೆಯಲ್ಲಿ ಅತ್ತೆಯೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಊರಿನ ಎಲ್ಲರ ಹುಳುವೂ ಸಾಯತೊಡಗಿದ ಮೇಲೆ ರೇಷ್ಮೆ ಇಲಾಖೆಯವರು ಡೇರಿಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ಹೋದರು. ಊಜಿ ನೊಣ ಎಂದು ತಲೆಬರಹ. ಕೆಳಗೆ ಅಂಗೈಯಗಲದ ಚಿತ್ರ, ಬೆನ್ನ ಮೇಲಿನ ಗೀರುಗಳ ಸಮೇತ. ಅದರ ಕೆಳಗೆ ಬರಹ. ಎಲ್ಲಿರುತ್ತದೆ. ಯಾವಾಗ ಬರುತ್ತದೆ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಅದರ ಮರಿ ಹುಳುವನ್ನು ಒಳಗಿನಿಂದ ತಿನ್ನುತ್ತದೆ. ಕಿಟಕಿ ಬಾಗಿಲಿಗೆ ಬಲೆ ಹಾಕಿದರೆ ಒಳಗೆ ಬರಲಾರದು. ಹಾಲಿನ ಕ್ಯಾನು ಹಿಡಿದು ನಾನು ಅದನ್ನು ಓದಿದೆ. ನಾವು ಜಗಲಿಯ ಮೇಲೆ ಅರ್ಧ ಬರೆದು ಬಿಟ್ಟ ಪುಟವನ್ನು ಯಾರೋ ಪೂರ್ತಿ ಮಾಡಿದ್ದರು. ಅಪ್ಪನೂ ಓದಿದ. ಮರುದಿನ ಕೋಲಾರಕ್ಕೆ ಹೋಗಿ ನೈಲಾನ್ ಬಲೆ ತಂದು, ಎರಡು ಕಿಟಕಿಗೂ ಬಾಗಿಲಿಗೂ ತಾನೇ ಮೊಳೆ ಹೊಡೆದ. ಊಟಕ್ಕೆ ಕೂತಾಗ ಅಜ್ಜಿ ತಡವರಿಸಿದಳು.

"ಅಂಗಾದ್ರೆ ರತ್ನನ್ನ ಒಂದ್ಸಲ ಕರ್ಕೊಂಡು ಬರ್ಬೋದೇನೋ."

"ಗಂಡನ ಮನೇಲಿ ನೆಟ್ಟಗವ್ಳೆ. ಈಗ ಹೋಗಿ ಕರೆದ್ರೆ ನೋಡ್ದೋರು ಏನಂತಾರೆ?" ಎಂದ ಅಪ್ಪ.

ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ನೊಣಕ್ಕೆ ಬಾಗಿಲು ತೆರೆದಿಟ್ಟು ಮನೆಮಗಳಿಗೆ ಬಾಗಿಲು ಹಾಕಿದ ಮನೆ ನಮ್ಮದು. ಅದು ಗೊತ್ತಾದ ಮೇಲೂ ಸಾರಿನ ರುಚಿ ಕೆಡಲಿಲ್ಲ.

ನಾನು ಕಾಲೇಜಿಗೆಂದು ಕೋಲಾರದ ಬಸ್ಸು ಹತ್ತುವ ವಯಸ್ಸಿಗೆ ಬಂದ ಮೇಲೆ, ಒಂದು ದಿನ ಯಾರಿಗೂ ಹೇಳದೆ ಮುಳಬಾಗಿಲಿನ ಬಸ್ಸು ಹತ್ತಿ, ಅಲ್ಲಿಂದ ನಂಗಲಿಗೆ ಹೋದೆ. ಅತ್ತೆ ಅಂಗಡಿಯ ಹಿಂದಿನ ಶೀಟಿನ ಮನೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸೆರಗು ಎರಡೂ ಕಿವಿ ಮುಚ್ಚುವಷ್ಟು ಮುಂದಕ್ಕಿತ್ತು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಹಾಗೇ ಸುಲಿಯುತ್ತಿದ್ದಳು. ಮಾವ ಟೈರು ತರಲು ಚಿತ್ತೂರಿಗೆ ಹೋಗಿದ್ದ. ನಾನು ಅವಳ ಪಕ್ಕ ಕೂತು ಕಾಯಿ ಸುಲಿಯುತ್ತಾ ಡೇರಿಯ ಗೋಡೆಯ ಹಾಳೆಯ ವಿಷಯ ಹೇಳಿದೆ. ಅವಳು ಒಂದೊಂದೇ ಕೇಳಿಸಿಕೊಂಡಳು.

"ಒಳಗಿಂದ ತಿಂತದಾ? ಅದು ನಂಗೆ ಹೊಳೀಲೇ ಇಲ್ಲ ನೋಡು. ಬಲೆ ಹಾಕಿದ್ರೆ ಸಾಕಂತಾ?"

"ಸಾಕಂತೆ."

"ಅಣ್ಣ ಹಾಕಿದ್ನಾ?"

"ಹಾಕಿದ. ಬೆಳೆ ಚೆನ್ನಾಗಿ ಬರ್ತಾ ಅದೆ."

ಬರಲಿ ಬಿಡು ಎಂದು ಅವಳು ಮೊರ ಕೊಡವಿದಳು. ಅಮ್ಮನ ಬಗ್ಗೆ ಕೇಳಲಿಲ್ಲ. ರಸ್ತೆಯಲ್ಲಿ ಲಾರಿಯೊಂದು ಹೋಗಿ ಧೂಳು ಇಳಿದ ಮೇಲೆ ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ.

"ಆ ಹೆದ್ದಾರಿ ರಾಕ್ಷಸ ಯಾವುದಕ್ಕೆ ಹೆದರುತ್ತೆ ಅಂತ ನೀನು ಹೇಳ್ಲೇ ಇಲ್ಲ ಅತ್ತೆ."

ಅವಳು ನಕ್ಕಳೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಳೋ ತಿಳಿಯಲಿಲ್ಲ.

"ನಿಮ್ಮಪ್ಪನಿಗೆ ಕಣೇ. ಅದು ಈ ಲೋಕದಲ್ಲಿ ಹೆದರ್ತಿದ್ದಿದ್ದು ಅವನೊಬ್ಬನಿಗೇ. ನೀನೇ ನೋಡಿದ್ಯಲ್ಲ, ಹೊಸಿಲು ದಾಟ್ದೆ ಹೆಂಗೆ ನಿಂತಿತ್ತು ಅಂತ. ಅಣ್ಣ ಬರೀ ಇಲ್ಲ ಅಂದಿದ್ರೆ ಸಾಕಾಗಿತ್ತು. ಅಣ್ಣನಿಗೆ ಅದು ಗೊತ್ತಾಗ್ಲೇ ಇಲ್ಲ."

"ನೀನ್ಯಾಕೆ ಹೇಳ್ಲಿಲ್ಲ?"

"ಅವನು ಕೇಳ್ಬೇಕಾಗಿತ್ತು" ಅಂದಳು.

ಸಂಜೆಯ ಬಸ್ಸಿಗೆ ವಾಪಸು ಬಂದೆ. ಅಪ್ಪ ಹುಳದ ಮನೆಯಲ್ಲಿದ್ದ. ನಾನು ಬಾಗಿಲಲ್ಲೇ ನಿಂತು ನಂಗಲಿಗೆ ಹೋಗಿದ್ದೆನೆಂದೆ. ಬೆರಳುಗಳ ವಿಷಯ ಹೇಳಿದೆ. ಅತ್ತೆ ಹೇಳಿದ ಮಾತನ್ನು, ಅವಳು ಹೇಳಿದ ಹಾಗೇ, ಒಂದಕ್ಷರ ಬಿಡದೆ ಹೇಳಿದೆ. ಅಪ್ಪ ಕೈಯಲ್ಲಿದ್ದ ಸೊಪ್ಪು ತಟ್ಟೆಯ ಮೇಲೆ ಹಾಕಿ, ಕಿಟಕಿಯ ಹತ್ತಿರ ಹೋಗಿ, ಬಲೆಯಲ್ಲಿ ಎಲ್ಲಾದರೂ ತೂತು ಬಿದ್ದಿದೆಯೇ ಎಂದು ಮೂಲೆಯಿಂದ ಮೂಲೆಗೆ ಬೆರಳಾಡಿಸಿ ನೋಡತೊಡಗಿದ. ಎಲ್ಲೂ ತೂತಿರಲಿಲ್ಲ. ಅವನು ಇನ್ನೊಂದು ಕಿಟಕಿಗೆ ಹೋದ.